ದಮ್ಮಿಲ್ಲದ ಗಾಡಿಗೆ ದಮ್ಮು

ಮಂಡ್ಯ ಜಿಲ್ಲೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಲೇಖನಿಯನ್ನು ನೀರಿನಲ್ಲಿ ಅದ್ದಿಯೇ ಬರೆದಿದ್ದಾರೆ. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ, ಕಬ್ಬು, ಭತ್ತ, ಕಾವೇರಿ ಚಳವಳಿ. ಇದೆಲ್ಲ ನ್ಯಾಯವೇ. ನೀರಿಲ್ಲದಿದ್ದರೆ ಮಂಡ್ಯ ಎಲ್ಲಿತ್ತು? ಆದರೆ ಅದೇ ಜಿಲ್ಲೆಗೆ ಎಣ್ಣೆಯಲ್ಲಿ, ಮಸಿಯಲ್ಲಿ, ಹೊಗೆಯಲ್ಲಿ ಬರೆದ ಇನ್ನೊಂದು ಚರಿತ್ರೆಯೂ ಇದೆ. ಆಲೆಮನೆಯ ಗಾಣ ತಿರುಗಿಸಿದ ಆಯಿಲ್ ಎಂಜಿನ್ನು, ಸಂತೆಗೆ ಜನರನ್ನು ಹೊತ್ತ ಮಟಡೋರು, ಮಳವಳ್ಳಿಯಿಂದ ಕೊಳ್ಳೇಗಾಲಕ್ಕೆ, ಅಲ್ಲಿಂದ ಮಾದಪ್ಪನ ಬೆಟ್ಟಕ್ಕೆ ಉಬ್ಬಸ ಬಿಡುತ್ತ ಹತ್ತಿದ ಟ್ರ್ಯಾಕ್ಸು, ಇವುಗಳನ್ನು ಬಿಚ್ಚಿ ಕೂಡಿಸಿದ ಕೈಗಳು. ಆ ಕೈಗಳಲ್ಲಿ ಬಹಳಷ್ಟು ನಮ್ಮ ಸಮುದಾಯದವು. ಅವು ಬಿಲ್ಲು ಬರೆದವಲ್ಲ, ಆದ್ದರಿಂದ ಚರಿತ್ರೆಯಲ್ಲೂ ಬರಲಿಲ್ಲ.

ಈ ದೊಡ್ಡ ಕಥೆಯ ಒಂದು ಸಣ್ಣ ಅಧ್ಯಾಯವನ್ನು ಮಾತ್ರ ಇಲ್ಲಿ ಬಿಡಿಸಿ ನೋಡಬಹುದು: ಟರ್ಬೊ ಇಲ್ಲದ ಡೀಸೆಲ್ ಕಾರಿಗೆ ಟರ್ಬೊ ಕೂಡಿಸುವ ಆಸೆ. ಈ ಆಸೆ ಎಲ್ಲಿಂದ ಬಂತು, ಅದರಲ್ಲಿ ಬುದ್ಧಿವಂತಿಕೆ ಎಷ್ಟು, ಅಪಾಯ ಎಷ್ಟು ಎನ್ನುವುದು.

ಮೊದಲು ಒಂದು ಶಬ್ದದ ಮಾತು. ಗ್ಯಾರೇಜಿನಲ್ಲಿ ಯಾರೂ 'ಎಂಜಿನ್ನಿನ ಸಾಮರ್ಥ್ಯ' ಎನ್ನುವುದಿಲ್ಲ. "ಏರು ಸಿಕ್ತು ಅಂದ್ರೆ ಮನಿಕಂಬುಡ್ತದೆ ಕಣ್ ಸಾಬ್ರೆ" ಎಂದು ಗೌಡರು ಹೇಳುತ್ತಾರೆ. "ದಮ್ಮಿಲ್ಲ ಗೌಡ್ರೆ, ಎಂಜಿನ್ಗೆ ದಮ್ಮಿಲ್ಲ" ಎಂದು ಮೇಸ್ತ್ರಿ ಉತ್ತರ ಕೊಡುತ್ತಾನೆ. ಉರ್ದುವಿನಲ್ಲಿ ದಮ್ ಎಂದರೆ ಉಸಿರು. ಫಾರಸಿಯಲ್ಲಿ ಅದಕ್ಕೆ ಕಮ್ಮಾರನ ತಿದಿ ಎಂಬ ಅರ್ಥವೂ ಉಂಟು. ಕನ್ನಡಕ್ಕೆ ಬಂದ ಮೇಲೆ ಅದು ದಮ್ಮು ಆಗಿ, ಉಬ್ಬಸ ರೋಗವೂ ಆಯಿತು, ಎದೆಗಾರಿಕೆಯೂ ಆಯಿತು, ಬೀಡಿಯ ಒಂದು ಎಳೆತವೂ ಆಯಿತು. ಟರ್ಬೊ ಎಂಬ ಸಾಮಾನನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಶಬ್ದ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಅದು ಉಸಿರೂ ಹೌದು, ತಿದಿಯೂ ಹೌದು.

ಎಂಜಿನ್ನು ನಿಜವಾಗಿಯೂ ಉಸಿರಾಡುತ್ತದೆ. ಲೆಕ್ಕ ಹಾಕಿ ನೋಡಿ. ಟಾಟಾ ಇಂಡಿಕಾ ಡೀಸೆಲ್ ಕಾರಿನ ಎಂಜಿನ್ನು 1405 ಸಿಸಿ, ಅಂದರೆ ಸುಮಾರು ಒಂದು ಲೀಟರು ನಾನೂರು ಮಿಲಿ. ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ಅಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ ಎರಡು ಸಾವಿರ ಸುತ್ತಿನಲ್ಲಿ ಓಡುತ್ತಿದ್ದರೆ ನಿಮಿಷಕ್ಕೆ ಹೆಚ್ಚೆಂದರೆ 1400 ಲೀಟರು ಗಾಳಿ. ಸುಮ್ಮನೆ ಕುಳಿತ ಮನುಷ್ಯ ಅದೇ ನಿಮಿಷದಲ್ಲಿ ಆರೆಂಟು ಲೀಟರು ಉಸಿರಾಡುತ್ತಾನೆ. ಈ ಗಾಳಿಗೆ ತಕ್ಕಷ್ಟೇ ಡೀಸೆಲ್ ಉರಿಯಬಲ್ಲದು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಕಿಲೋದಷ್ಟು ಗಾಳಿ ಬೇಕು. ಪಂಪು ತಿರುವಿ ಎಷ್ಟೇ ಡೀಸೆಲ್ ಸುರಿದರೂ ಗಾಳಿ ಸಾಲದಿದ್ದರೆ ಹಿಂದಿನ ಪೈಪಿನಲ್ಲಿ ಕಪ್ಪು ಹೊಗೆ ಬರುತ್ತದೆಯೇ ಹೊರತು ಗಾಡಿ ಏರು ಹತ್ತುವುದಿಲ್ಲ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಸಾವಿರ ಮೀಟರು ಎತ್ತರಕ್ಕೆ ಇಂಥ ಎಂಜಿನ್ನು ತನ್ನ ಬಲದಲ್ಲಿ ಹತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಮಂಡ್ಯವೇ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದೆ, ಮಾದಪ್ಪನ ಬೆಟ್ಟ ಮೂರು ಸಾವಿರ ಅಡಿಯ ಆಸುಪಾಸು. ತಾಳಬೆಟ್ಟ ದಾಟಿದ ಮೇಲೆ ತಿರುವು ತಿರುವಿಗೂ ಒಂದನೇ ಗೇರು ಹಾಕಬೇಕಾದದ್ದು ಡ್ರೈವರನ ಕೈ ದೋಷವಲ್ಲ.

ಇನ್ನು ಹೊಗೆ. ಉರಿದ ಎಣ್ಣೆಯ ಶಾಖದಲ್ಲಿ ಮೂರರಲ್ಲೊಂದು ಪಾಲು ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುತ್ತದೆ. ಅದನ್ನು ಹಿಡಿದು, ಒಂದು ಸಣ್ಣ ಚಕ್ರ ತಿರುಗಿಸಿ, ಅದೇ ದಂಡಿಗೆ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ ಕೂಡಿಸಿ, ಅದರಿಂದ ಎಂಜಿನ್ನಿನ ಬಾಯಿಗೆ ಗಾಳಿ ಒತ್ತಿದರೆ? ಎಸೆಯುವ ಹೊಗೆಯೇ ತಿದಿ ಊದಿದ ಹಾಗೆ. ಇಷ್ಟೇ ಟರ್ಬೊ.

ಈ ಯೋಚನೆ ಮಾಡಿದವನು ಆಲ್ಫ್ರೆಡ್ ಬುಕಿ ಎಂಬ ಸ್ವಿಸ್ ಎಂಜಿನಿಯರ್. 1879ರಲ್ಲಿ ವಿಂಟರ್‌ತೂರ್ ಎಂಬ ಊರಿನಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಓದಿದವನು. 1905ರಲ್ಲಿ ಪೇಟೆಂಟ್ ಪಡೆದ. ಓದುಗರು ಇಲ್ಲಿ ಒಂದು ಕ್ಷಣ ಮಳವಳ್ಳಿ ತಾಲ್ಲೂಕಿಗೆ ಬರಬೇಕು. ಅದಕ್ಕೆ ಮೂರು ವರ್ಷ ಮೊದಲು, 1902ರ ಜೂನ್ 30ರಂದು, ಶಿವನಸಮುದ್ರದ ಬ್ಲಫ್‌ನಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ತಲುಪಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕನಸು ಕಂಡು, ಜೋಲಿ ದ ಲಾಟ್‌ಬಿನಿಯರ್ ಎಂಬ ಎಂಜಿನಿಯರ್ ಕಟ್ಟಿಸಿದ ಆ ಕೇಂದ್ರಕ್ಕೆ ನೀರಿನ ಟರ್ಬೈನುಗಳು ಬಂದದ್ದು ಜ್ಯೂರಿಕ್ಕಿನ ಎಶರ್ ವಿಸ್ ಕಂಪನಿಯಿಂದ. ಅಂದರೆ ಬುಕಿ ಯಾವ ಊರಿನಲ್ಲಿ ಟರ್ಬೈನ್ ಪಾಠ ಕಲಿಯುತ್ತಿದ್ದನೋ, ಅದೇ ಊರಿನ ಟರ್ಬೈನು ನಮ್ಮ ಕಾವೇರಿಯ ಕೆಳಗೆ ತಿರುಗಲು ತೊಡಗಿತ್ತು. ಗಗನಚುಕ್ಕಿಯ ಪಕ್ಕದ ಹಜರತ್ ಮರ್ದಾನೆ ಗೈಬ್ ದರ್ಗಾಕ್ಕೆ ಹೋದವರು ಮೇಲಿನಿಂದ ಜಲಪಾತ ನೋಡಿ ಬರುತ್ತಾರೆ. ಅದೇ ಕಾವೇರಿಯ ಒಂದು ಪಾಲು ಕಾಲುವೆ ಹಿಡಿದು ಕೊಳವೆಯಲ್ಲಿ ಇಳಿದು ಚಕ್ರ ತಿರುಗಿಸುತ್ತಿದೆ ಎಂಬ ಕಡೆಗೆ ಗಮನ ಕಡಿಮೆ. ಸುಮ್ಮನೆ ಬಿದ್ದು ಹೋಗುವ ನೀರಿನಿಂದ ಕೆಲಸ ತೆಗೆಯುವುದು, ಸುಮ್ಮನೆ ಎದ್ದು ಹೋಗುವ ಹೊಗೆಯಿಂದ ಕೆಲಸ ತೆಗೆಯುವುದು, ಎರಡೂ ಒಂದೇ ಜಾತಿಯ ಬುದ್ಧಿ.

ಇಂಥ ಲೇಖನ ಬರೆದಾಗ ನಮ್ಮಲ್ಲಿ ಕೆಲವರು 'ಇದನ್ನು ಮುಸ್ಲಿಂ ವಿಜ್ಞಾನಿಗಳು ಮೊದಲೇ ಕಂಡುಹಿಡಿದಿದ್ದರು' ಎಂದು ಒಂದು ಸಾಲು ನಿರೀಕ್ಷಿಸುತ್ತಾರೆ. ಆಟೋಮನ್ ಕಾಲದ ತಕಿಯುದ್ದೀನ್ 1551ರ ತನ್ನ ಗ್ರಂಥದಲ್ಲಿ, ಮಾಂಸ ಸುಡುವ ಸಲಾಕೆಯನ್ನು ಹಬೆಯ ರಭಸದಿಂದ ತಾನಾಗಿ ತಿರುಗಿಸುವ ಚಕ್ರವೊಂದನ್ನು ವಿವರಿಸಿದ್ದಾನೆ. ನಿಜ. ಕಬಾಬಿಗಾಗಿ ಟರ್ಬೈನು! ಅದಕ್ಕಿಂತ ಮೊದಲು, 1206ರಲ್ಲಿ, ಅಲ್ ಜಜರಿ ತನ್ನ ಯಂತ್ರಗಳ ಪುಸ್ತಕದಲ್ಲಿ ಕ್ರ್ಯಾಂಕನ್ನು ಬಳಸಿದ ನೀರೆತ್ತುವ ಯಂತ್ರ ಬರೆದಿದ್ದಾನೆ. ಇಷ್ಟಕ್ಕೆ ಹೆಮ್ಮೆಪಡಬಹುದು. ಆದರೆ ಟರ್ಬೊ ನಮ್ಮದು ಎನ್ನಲು ಬರುವುದಿಲ್ಲ. ಅಜ್ಜನ ಹೆಸರು ಹೇಳಿ ಮೊಮ್ಮಗ ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟರೆ ಏನು ಬಂತು? ನನಗೆ ತಕಿಯುದ್ದೀನನಷ್ಟೇ ಮುಖ್ಯ ಮದ್ದೂರಿನ ಪೇಟೆಯಲ್ಲಿ ಪಂಪು ಬಿಚ್ಚುವವನು.

ಬುಕಿಯ ಪೇಟೆಂಟು ಕಾಗದದಿಂದ ಲೋಹವಾಗಲು ಇಪ್ಪತ್ತು ವರ್ಷ ಹಿಡಿಯಿತು. ನಡುವೆ 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ವಿಮಾನದ ಎಂಜಿನ್ನೊಂದನ್ನು ಲಾರಿಯಲ್ಲಿ ಹೇರಿಕೊಂಡು ಪೈಕ್ಸ್ ಪೀಕ್ ಎಂಬ 14,000 ಅಡಿಗೂ ಮೀರಿದ ಬೆಟ್ಟದ ತುದಿಗೆ ಹೋಗಿ ಪರೀಕ್ಷಿಸಿದ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಬೆಟ್ಟದ ಮೇಲೆ ಮೂರರಲ್ಲೊಂದು ಪಾಲು ಸೊರಗಿತ್ತು. ಟರ್ಬೊ ಕೂಡಿಸಿದಾಗ ಮತ್ತೆ 350 ದಾಟಿತು. 1926ರಲ್ಲಿ ಬುಕಿಯ ವಿಧಾನದಿಂದಲೇ ಪ್ರಾಯ್ಸೆನ್ ಮತ್ತು ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಹಡಗುಗಳ ಡೀಸೆಲ್ ಎಂಜಿನ್ನು 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಆಮೇಲೆ ಹಡಗು, ರೈಲು, ಲಾರಿ. ಡೀಸೆಲ್ ಕಾರಿಗೆ ಟರ್ಬೊ ಬಂದದ್ದು ಮಾತ್ರ ಬಹಳ ತಡ. ಮರ್ಸಿಡಿಸ್ ಕಂಪನಿ 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ 300 ಎಸ್‌ಡಿ ಕಾರು ಮೊದಲನೆಯದು.

ಆ ಮರ್ಸಿಡಿಸ್ಸಿಗೂ ಮಳವಳ್ಳಿಯ ಸಂತೆಗೂ ಏನು ಸಂಬಂಧ? ಇದೆ. ಅದರ ಐದು ಸಿಲಿಂಡರಿನ ಎಂಜಿನ್ನಿಗೆ ನಾಲ್ಕು ಸಿಲಿಂಡರಿನ ಒಬ್ಬ ತಮ್ಮನಿದ್ದ, ಒಎಂ 616 ಎಂದು ಹೆಸರು. ಪುಣೆಯ ಬಜಾಜ್ ಟೆಂಪೋ ಕಂಪನಿ ಆ ತಮ್ಮನನ್ನು ಪರವಾನಗಿ ಪಡೆದು ಇಲ್ಲಿ ತಯಾರಿಸಿ, 1980ರ ದಶಕದ ಕೊನೆಯಲ್ಲಿ ಟ್ರಾವೆಲರ್, ಟ್ರ್ಯಾಕ್ಸ್ ಗಾಡಿಗಳಿಗೆ ಕೂಡಿಸಿತು. ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನ, ಮೇಲೆ ಮೂಟೆ, ಹಿಂದೆ ಏಣಿಯಲ್ಲಿ ನಾಲ್ಕು ಹುಡುಗರು. ಹಳ್ಳಿಗೆ ಸರ್ಕಾರಿ ಬಸ್ಸು ಬಾರದ ಕಾಲದಲ್ಲಿ ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ ಗಾಡಿ, ಮದುವೆ ದಿಬ್ಬಣ ಹೊತ್ತದ್ದೂ ಅದೇ. ಅಣ್ಣನಿಗೆ ಜರ್ಮನಿಯಲ್ಲಿ ಟರ್ಬೊ ಸಿಕ್ಕಿತು, ತಮ್ಮನಿಗೆ ಇಲ್ಲಿ ಬರೀ ಹೊರೆ ಸಿಕ್ಕಿತು.

ನಮ್ಮ ಕಡೆ ಡೀಸೆಲ್ ಮೊದಲು ಬಂದದ್ದು ರಸ್ತೆಗಲ್ಲ, ಹೊಲಕ್ಕೆ. ಎತ್ತಿನ ಗಾಣವನ್ನು ಮೂಲೆಗೆ ತಳ್ಳಿ ಆಲೆಮನೆಗೆ ಆಯಿಲ್ ಎಂಜಿನ್ನು ಬಂತು. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಶುರುವಾದ ಕಂಪನಿ. ನಿಧಾನಕ್ಕೆ ಕುಟ್ಟುವ ಒಂದು ಸಿಲಿಂಡರಿನ ಎಂಜಿನ್ನುಗಳು ರಾತ್ರಿಯಿಡೀ ಕಬ್ಬು ಅರೆದವು. ಅವುಗಳ ನಾಝಲ್ ತೊಳೆದು, ರಿಂಗು ಬದಲಿಸಿ, ಕೈ ಪಳಗಿದವರೇ ಮುಂದೆ ಲಾರಿ ಮೇಸ್ತ್ರಿಗಳಾದರು. ಟಾಟಾ ಮರ್ಸಿಡಿಸ್ ಲಾರಿ 1954ರಿಂದ ಈ ದೇಶದಲ್ಲಿ ತಯಾರಾಗತೊಡಗಿತು. ಬೆಂಗಳೂರು-ಮೈಸೂರು ರಸ್ತೆ ಮದ್ದೂರು, ಮಂಡ್ಯ ಎರಡೂ ಪೇಟೆಗಳ ಹೊಟ್ಟೆಯ ಮಧ್ಯದಲ್ಲೇ ಹಾದು ಹೋಗುತ್ತಿದ್ದುದರಿಂದ ಕೆಟ್ಟು ನಿಂತ ಲಾರಿಗೆ ಬರವಿರಲಿಲ್ಲ, ಗ್ಯಾರೇಜಿಗೆ ಕೆಲಸದ ಬರವಿರಲಿಲ್ಲ.

ಕಾರಿನ ಕಥೆ ಬೇರೆ. 1973ರ ಅರಬ್-ಇಸ್ರೇಲ್ ಯುದ್ಧದ ನಂತರ ತೈಲದ ಬೆಲೆ ಜಗತ್ತಿನಾದ್ಯಂತ ನೆಗೆಯಿತು. ಪೆಟ್ರೋಲಿನ ಅಂಬಾಸಡರ್ ಸಾಕುವುದು ಆನೆ ಸಾಕಿದಂತಾಯಿತು. ಡೀಸೆಲ್ ಅಗ್ಗ, ಆದರೆ ಡೀಸೆಲ್ ಕಾರನ್ನು ಯಾವ ಕಂಪನಿಯೂ ಮಾರುತ್ತಿರಲಿಲ್ಲ. ಆಗ ದೇಶದ ಗ್ಯಾರೇಜುಗಳೇ ಆ ಕೆಲಸಕ್ಕೆ ಕೈ ಹಾಕಿದವು. ಪೆಟ್ರೋಲ್ ಎಂಜಿನ್ನು ಇಳಿಸಿ, ಪರ್ಕಿನ್ಸನ್ನೋ ಮಟಡೋರಿನದನ್ನೋ ಕೂರಿಸಿದರು. ಎಂಜಿನ್ ಫೌಂಡೇಶನ್ ಕತ್ತರಿಸಿ ವೆಲ್ಡ್ ಮಾಡಿ, ಗೇರ್ ಬಾಕ್ಸಿಗೆ ನಡುವೆ ಒಂದು ಪ್ಲೇಟನ್ನು ಲೇತಿನಲ್ಲಿ ಕಡೆದು ಕೂಡಿಸಿ, ಮುಂದಿನ ಸ್ಪ್ರಿಂಗಿಗೆ ಬಲ ಕೊಟ್ಟು. ಹಿಂದುಸ್ತಾನ್ ಮೋಟರ್ಸ್ ತಾನೇ ಡೀಸೆಲ್ ಅಂಬಾಸಡರ್ ತಂದದ್ದು 1980ರ ಸುಮಾರಿಗೆ. ಅಂದರೆ ಕಂಪನಿಗಿಂತ ಮೊದಲು ಮೇಸ್ತ್ರಿ ಅದನ್ನು ಮಾಡಿ ತೋರಿಸಿದ್ದ. 1489 ಸಿಸಿಯ ಆ ಕಂಪನಿ ಎಂಜಿನ್ನು ಕೊಡುತ್ತಿದ್ದದ್ದು ನಲವತ್ತಕ್ಕೂ ಕಡಿಮೆ ಅಶ್ವಶಕ್ತಿ, ಎಳೆಯಬೇಕಾದದ್ದು ಟನ್ನಿಗೂ ಹೆಚ್ಚು ತೂಕದ ಕಾರು. ಅದರ ಓಟ ನೋಡಿದವರಿಗೆ ದಮ್ಮು ಎಂಬ ಶಬ್ದದ ಎರಡೂ ಅರ್ಥ ಒಟ್ಟಿಗೆ ಹೊಳೆಯುತ್ತಿತ್ತು.

ಇದನ್ನೆಲ್ಲ ಈಗ 'ಜುಗಾಡ್' ಎಂದು ಕರೆದು ಹೊಗಳುವ ಮ್ಯಾನೇಜ್‌ಮೆಂಟ್ ಪಂಡಿತರಿದ್ದಾರೆ. ಆ ಹೊಗಳಿಕೆ ನನಗೆ ಒಗ್ಗುವುದಿಲ್ಲ. ಅದರಲ್ಲಿ ಬಡವ ಯಾವತ್ತೂ ಹಗ್ಗ ಕಟ್ಟಿಯೇ ಬದುಕಲಿ ಎಂಬ ಆಶೀರ್ವಾದವಿದೆ. ಗೇರ್ ಬಾಕ್ಸಿನ ಪ್ಲೇಟು ಕೂದಲೆಳೆಯಷ್ಟು ಓರೆಯಾದರೆ ಕ್ಲಚ್ಚು ತಿಂದು ಹೋಗುತ್ತದೆ. ಅದನ್ನು ಬೆರಳಿನಿಂದ ಸವರಿ ಅಳೆದು ಸರಿಮಾಡುವುದು ಹಗ್ಗ ಕಟ್ಟುವ ಕೆಲಸವಲ್ಲ, ಅದು ವಿದ್ಯೆ. ಉಸ್ತಾದನ ಹತ್ತಿರ ಹತ್ತು ವರ್ಷ ಬೈಸಿಕೊಂಡು ಕಲಿತ ವಿದ್ಯೆ.

ಟರ್ಬೊ ಎಂಬ ಮಾತು ನಮ್ಮ ಕಾರುಪೇಟೆಯಲ್ಲಿ ಹಬ್ಬಿದ್ದು 1990ರ ದಶಕದ ಕೊನೆಗೆ. ಆಗ ಒಂದು ಸ್ವಾರಸ್ಯ ನಡೆಯಿತು. ಟಾಟಾ ಸುಮೋದಲ್ಲಿ 1948 ಸಿಸಿ ಎಂಜಿನ್ನು ಟರ್ಬೊ ಇಲ್ಲದೆ ಓಡುತ್ತಿತ್ತು. 1998ರಲ್ಲಿ ಬಂದ ಸಫಾರಿಯಲ್ಲಿ ಅದೇ 1948 ಸಿಸಿಗೆ ಟರ್ಬೊ ಇತ್ತು. ಇಂಡಿಕಾದ 1405 ಸಿಸಿ ಎಂಜಿನ್ನು ಸುಮಾರು 53 ಅಶ್ವಶಕ್ತಿಯದು. 2002ರಲ್ಲಿ ಇಂಡಿಗೋ ಬಂದಾಗ ಅದೇ ಎಂಜಿನ್ನು ಟರ್ಬೊ ಕೂಡಿಸಿಕೊಂಡು 62 ಆಯಿತು. ಅಂಬಾಸಡರ್‌ನ 1995 ಸಿಸಿ ಇಸುಝು ಎಂಜಿನ್ನೂ ಹಾಗೆಯೇ, ಕಾಂಟೆಸ್ಸಾದಲ್ಲಿ ಟರ್ಬೊ ಹೊತ್ತು ಬಂತು. ಬಾನೆಟ್ ಎತ್ತಿ ಎರಡನ್ನೂ ಪಕ್ಕಪಕ್ಕ ನೋಡಿದ ಮೇಸ್ತ್ರಿಗೆ ಏನನ್ನಿಸಬೇಕು? ಬ್ಲಾಕು ಒಂದೇ, ಹೆಡ್ಡು ಒಂದೇ ರೀತಿ, ಮ್ಯಾನಿಫೋಲ್ಡಿನ ಬೋಲ್ಟಿನ ತೂತು ಹೆಚ್ಚು ಕಡಿಮೆ ಅಲ್ಲಲ್ಲೇ. ಅಪಘಾತವಾಗಿ ಗುಜರಿಗೆ ಬಂದ ಇಂಡಿಗೋದಿಂದ ಬಸವನಹುಳುವಿನ ಆಕಾರದ ಆ ಸಾಮಾನು ಬಿಚ್ಚಿ ಇಂಡಿಕಾಕ್ಕೆ ಕೂಡಿಸಿದರೆ ಆಯಿತಲ್ಲ!

ಆಗುತ್ತದೆ. ಇಲ್ಲಿ ಸ್ವಲ್ಪ ನಿಂತು ಹೇಗೆ ಎಂದು ನೋಡಬೇಕು, ಏಕೆಂದರೆ ಮೋಸವಿರುವುದೂ ಅಲ್ಲೇ.

ಟರ್ಬೊದ ದಂಡು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಬಾಲ್ ಬೇರಿಂಗು ಅಲ್ಲ ಸಾಮಾನ್ಯವಾಗಿ ಅದನ್ನು ಹಿಡಿದಿರುವುದು, ಎಣ್ಣೆಯ ಒಂದು ತೆಳುಪೊರೆ. ಆದ್ದರಿಂದ ಬ್ಲಾಕಿನಿಂದ ಒತ್ತಡದ ಎಣ್ಣೆಗೆ ಒಂದು ಪೈಪು ಎಳೆಯಬೇಕು. ಆ ಎಣ್ಣೆ ವಾಪಸು ಬರಲು ಸಂಪಿಗೆ ತೂತು ಕೊರೆದು ಅದಕ್ಕಿಂತ ದಪ್ಪದ ಪೈಪು, ಎಲ್ಲೂ ಬಾಗದಂತೆ, ಇಳಿಜಾರಾಗಿ ಕೊಡಬೇಕು. ವಾಪಸಿನ ಪೈಪು ಸಣ್ಣದಾದರೆ ಎಣ್ಣೆ ಟರ್ಬೊದಲ್ಲೇ ಕಟ್ಟಿ, ಸೀಲು ದಾಟಿ ಗಾಳಿಯ ದಾರಿಗೆ ಸೇರುತ್ತದೆ. ಇನ್ನು ಗಾಳಿ ಹೆಚ್ಚಿದ ಮಾತ್ರಕ್ಕೆ ಬಲ ಹೆಚ್ಚುವುದಿಲ್ಲ. ಪಂಪು ಬಿಚ್ಚಿ ಡೀಸೆಲ್ ಹೆಚ್ಚಿಸಬೇಕು. ಅದೂ ಗಾಳಿಯ ಒತ್ತಡ ಏರಿದಾಗ ಮಾತ್ರ ಏರುವಂತೆ, ಪಂಪಿನ ತಲೆಯ ಮೇಲೆ ಒಂದು ಪೊರೆಯ ಡಬ್ಬಿ ಬೇಕು. ಕಂಪನಿಯ ಟರ್ಬೊ ಪಂಪಿಗೆ ಅದು ಇರುತ್ತದೆ, ಸಾದಾ ಪಂಪಿಗೆ ಇರುವುದಿಲ್ಲ. ಅದಿಲ್ಲದೆ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸಿದರೆ ಟರ್ಬೊ ಎಚ್ಚರವಾಗುವ ಮೊದಲೇ ಊರು ತುಂಬ ಕಪ್ಪು ಹೊಗೆ.

ಇದನ್ನೆಲ್ಲ ಸರಿಯಾಗಿ ಮಾಡಿದರೂ ಒಳಗಿನ ಕಥೆ ಉಳಿಯುತ್ತದೆ. ಸಾದಾ ಡೀಸೆಲ್ ಕಾರಿನ ಎಂಜಿನ್ನು ಗಾಳಿಯನ್ನು ಇಪ್ಪತ್ತೆರಡರಲ್ಲಿ ಒಂದಕ್ಕೆ ಹಿಂಡುತ್ತದೆ. ಮೊದಲೇ ಒತ್ತಿದ ಗಾಳಿಯನ್ನು ಮತ್ತೆ ಅಷ್ಟೇ ಹಿಂಡಿದರೆ ಹೆಡ್ ಗ್ಯಾಸ್ಕೆಟ್ಟು, ಪಿಸ್ಟನ್ನು, ಬಿಗ್ ಎಂಡ್ ಬೇರಿಂಗು ಎಲ್ಲಕ್ಕೂ ಹೊರೆ. ಪಿಸ್ಟನ್ನಿನ ತಲೆ ಕರಗಿದ್ದನ್ನು ನೋಡದ ಮೇಸ್ತ್ರಿ ಇಲ್ಲ. ಮರ್ಸಿಡಿಸ್‌ನವರು 1978ರಲ್ಲಿ ಸುಮ್ಮನೆ ಟರ್ಬೊ ಬೋಲ್ಟ್ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ನಳಿಗೆ ಇಟ್ಟರು, ಕ್ರ್ಯಾಂಕಿಗೆ ಪುಟಕೊಟ್ಟು ಗಟ್ಟಿ ಮಾಡಿದರು, ಹೊಗೆಯ ವಾಲ್ವಿನೊಳಗೆ ಶಾಖ ಹೊರುವ ಸೋಡಿಯಂ ತುಂಬಿದರು. ಹೊರಗಿನಿಂದ ನೋಡಿದರೆ ಅಣ್ಣತಮ್ಮ ಒಂದೇ; ಎದೆಗೂಡು ಬೇರೆ. ಗುಜರಿಯಲ್ಲಿ ಟರ್ಬೊ ಸಿಗುತ್ತದೆ, ಆ ಎದೆಗೂಡು ಸಿಗುವುದಿಲ್ಲ.

ಆದ್ದರಿಂದ ತಿಳಿದ ಮೇಸ್ತ್ರಿಗಳು ಒತ್ತಡವನ್ನು ಬಹಳ ಕಡಿಮೆ ಇಡುತ್ತಿದ್ದರು, ವಾತಾವರಣದ ಒತ್ತಡದ ಮೇಲೆ ಅದರ ಅರ್ಧದಷ್ಟು, ಅದಕ್ಕಿಂತ ಹೆಚ್ಚು ಬೇಡ. ಅದಕ್ಕಿಂತ ತಿಳಿದವರು ಗಿರಾಕಿಯನ್ನು ಕೂರಿಸಿ, ಟೀ ಕುಡಿಸಿ, "ಬ್ಯಾಡ ಕಣಣ್ಣ, ಆ ದುಡ್ಡಲ್ಲಿ ನಾಝಲ್ ಬದಲಾಯ್ಸು, ಏರ್ ಫಿಲ್ಟ್ರು ಕ್ಲೀನ್ ಮಾಡ್ಸು, ದಮ್ಮು ತಾನಾಗೇ ಬತ್ತದೆ" ಎಂದು ಕಳಿಸುತ್ತಿದ್ದರು. ಹತ್ತು ಸಲಕ್ಕೆ ಏಳು ಸಲ ಅದೇ ನಿಜ. ಏರು ಹತ್ತದ ಹಳೆಯ ಗಾಡಿಯ ರೋಗ ಬಹುಪಾಲು ಕಟ್ಟಿದ ಫಿಲ್ಟರು, ಸವೆದ ರಿಂಗು, ಜಾರುವ ಕ್ಲಚ್ಚು. ಬೇಡ ಎಂದು ಹೇಳಿ ಬರುವ ದುಡ್ಡು ಬಿಟ್ಟ ಮೇಸ್ತ್ರಿಯನ್ನು ಚರಿತ್ರೆಯಲ್ಲಿ ಎಲ್ಲಿ ಇಡುವುದು? ಟರ್ಬೊ ಕೂಡಿಸಿದವನಿಗಿಂತ ಅವನೇ ಎಂಜಿನ್ನನ್ನು ಹೆಚ್ಚು ಅರಿತವನು ಎಂಬುದು ನನ್ನ ಅಭಿಪ್ರಾಯ.

ಅಪಾಯ ಕೇವಲ ಎಂಜಿನ್ನಿನದಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಉರಿಯುವ ಎಣ್ಣೆ ಯಾವುದಾದರೂ ಸರಿ. ಟರ್ಬೊದ ಸೀಲು ಒಡೆದು ಎಂಜಿನ್ ಆಯಿಲ್ಲು ಗಾಳಿಯ ದಾರಿಯಲ್ಲಿ ಒಳಗೆ ನುಗ್ಗಿದರೆ ಎಂಜಿನ್ನು ತನ್ನದೇ ಎಣ್ಣೆಯನ್ನು ಕುಡಿದು ಓಡತೊಡಗುತ್ತದೆ. ಕೀಲಿ ತಿರುವಿದರೆ ಡೀಸೆಲ್ ನಿಲ್ಲುತ್ತದೆ, ಎಂಜಿನ್ನು ನಿಲ್ಲುವುದಿಲ್ಲ. ಸುತ್ತು ಏರುತ್ತಲೇ ಹೋಗುತ್ತದೆ, ಬಿಳಿ ನೀಲಿ ಹೊಗೆಯಲ್ಲಿ ರಸ್ತೆ ಮುಚ್ಚುತ್ತದೆ. ಗಾಳಿಯ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕು, ಇಲ್ಲವೇ ಮೇಲಿನ ಗೇರು ಹಾಕಿ ಬ್ರೇಕು ತುಳಿದು ಕ್ಲಚ್ಚು ಬಿಟ್ಟು ಎಂಜಿನ್ನಿನ ಕುತ್ತಿಗೆ ಹಿಸುಕಬೇಕು. ಗ್ಯಾರೇಜಿನಲ್ಲಾದರೆ ಇದು ಮೇಸ್ತ್ರಿಗೆ ಬರುವ ವಿದ್ಯೆ. ಮಾದಪ್ಪನ ಬೆಟ್ಟದ ತಿರುವಿನಲ್ಲಿ, ಹೆಂಗಸರು ಮಕ್ಕಳು ತುಂಬಿದ ಗಾಡಿಯಲ್ಲಿ ಆದರೆ? ಅದಕ್ಕೇ ಇದನ್ನು ಕೇವಲ ಬಡವನ ಜಾಣತನದ ಕಥೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಬಲ ಹೆಚ್ಚಿತು ಎಂದರೆ ಬ್ರೇಕೂ ಹೆಚ್ಚಬೇಕು. ಬ್ರೇಕಿಗೆ ದುಡ್ಡು ಕೊಡುವ ಗಿರಾಕಿ ಅಪರೂಪ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. 2000ದ ತಿದ್ದುಪಡಿಯ ನಂತರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ವಿಮೆಯವರೂ ಅಪಘಾತವಾದಾಗ ಮೊದಲು ಹುಡುಕುವುದು ಇಂಥದ್ದನ್ನೇ. ಆದ್ದರಿಂದ ಇಂದು ಟರ್ಬೊ ಕೂಡಿಸುವವನು ಗಿರಾಕಿಯ ಎಂಜಿನ್ನನ್ನಷ್ಟೇ ಅಲ್ಲ, ವಿಮೆಯನ್ನೂ ಸುಡುತ್ತಾನೆ. ಕಾನೂನು ಸರಿಯೇ. ಆದರೆ ಒಂದು ಮಾತು: 1970ರ ದಶಕದಲ್ಲಿ ಇದೇ ಬಿಗಿ ಇದ್ದಿದ್ದರೆ ಡೀಸೆಲ್ ಅಂಬಾಸಡರ್ ಎಂಬುದನ್ನು ಜನ ಕಾಣುತ್ತಿದ್ದರೇ?

ಅಷ್ಟರಲ್ಲಿ ಕಂಪನಿಗಳೇ ಈ ಆಸೆಯನ್ನು ತೀರಿಸಿದವು. ಮದ್ದೂರಿನಿಂದ ಬೆಂಗಳೂರಿನ ದಾರಿಯಲ್ಲಿ, ಬಿಡದಿಯಲ್ಲಿ, 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ನೆಲೆಯೂರಿತು. 2000ದಲ್ಲಿ ಅಲ್ಲಿಂದ ಹೊರಬಂದ ಕ್ವಾಲಿಸ್‌ನದು 2446 ಸಿಸಿಯ ಟರ್ಬೊ ಇಲ್ಲದ ಡೀಸೆಲ್ ಎಂಜಿನ್ನು, ಸುಮಾರು 75 ಅಶ್ವಶಕ್ತಿ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ 2494 ಸಿಸಿ, ಟರ್ಬೊ ಮತ್ತು ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಪಂಪು, 102 ಅಶ್ವಶಕ್ತಿ. ಗಾತ್ರ ಹೆಚ್ಚಿದ್ದು ಐವತ್ತು ಸಿಸಿಗೂ ಕಡಿಮೆ. ಬಲ ಹೆಚ್ಚಿದ್ದು ಮೂರರಲ್ಲೊಂದು ಪಾಲಿಗೂ ಮೇಲೆ. ಟರ್ಬೊ ಹೀಗೆ ಎಲ್ಲ ಡೀಸೆಲ್ ಗಾಡಿಗೂ ಬಂದದ್ದು ಜನರಿಗೆ ಏರು ಹತ್ತಿಸುವ ಕರುಣೆಯಿಂದಲ್ಲ, ಹೊಗೆಯ ನಿಯಮಗಳಿಂದ. ಗಾಳಿ ಸಮೃದ್ಧಿಯಾಗಿ ಸಿಕ್ಕರೆ ಮಸಿ ಕಡಿಮೆ. ಭಾರತ್ ಸ್ಟೇಜ್ ಎರಡು 2005ಕ್ಕೆ ದೇಶವ್ಯಾಪಿಯಾಯಿತು, ನಾಲ್ಕು 2017ಕ್ಕೆ, ಆರು 2020ರ ಏಪ್ರಿಲ್ ಒಂದಕ್ಕೆ. ಒಂದೊಂದು ಮೆಟ್ಟಿಲಿಗೂ ಪಂಪು ಮೇಸ್ತ್ರಿಯ ಸ್ಕ್ರೂಡ್ರೈವರಿನಿಂದ ದೂರ ಸರಿಯಿತು. ಇಂದಿನ ಪಂಪಿನಲ್ಲಿ ತಿರುವಲು ಸ್ಕ್ರೂ ಇಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತವೂ ಹೋಗಿ, ಪೆಟ್ರೋಲಿಗೂ ಅದಕ್ಕೂ ನಡುವಿದ್ದ ಅಂತರ ಕಿರಿದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಡರ್ ತಯಾರಿಕೆ ನಿಂತಿತ್ತು. ಇಂಡಿಕಾ 2018ರಲ್ಲಿ ಮುಗಿಯಿತು.

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯನ್ನು ನಾವೆಲ್ಲ ಸರ್ಕಾರಿ ನೌಕರಿಯ ಅಂಕಿಗಳಿಗಾಗಿ ಓದುತ್ತೇವೆ, ಭಾಷಣದಲ್ಲಿ ಉದ್ಧರಿಸುತ್ತೇವೆ. ಅದರಲ್ಲಿ ಇನ್ನೊಂದು ಸಂಗತಿಯಿದೆ: ಮುಸ್ಲಿಮರು ಸ್ವಂತ ದುಡಿಮೆಯಲ್ಲಿ ಹೆಚ್ಚು ನಿಂತವರು, ವಾಹನ ಮಾರಾಟ ಮತ್ತು ರಿಪೇರಿಯಂಥ ಕಸುಬುಗಳಲ್ಲಿ ಅವರ ಪಾಲು ಎದ್ದು ಕಾಣುತ್ತದೆ ಎಂಬುದು. ಅಂದರೆ ಒಂದು ಪಂಪಿನಿಂದ ಸ್ಕ್ರೂ ಮಾಯವಾದರೆ ಅದು ಬರೀ ತಂತ್ರಜ್ಞಾನದ ಸುದ್ದಿಯಲ್ಲ, ಒಂದು ಮೊಹಲ್ಲಾದ ಅಡಿಗೆಮನೆಯ ಸುದ್ದಿ. ಹತ್ತು ವರ್ಷಕ್ಕೇ ಶಾಲೆ ಬಿಟ್ಟು 'ಹನ್ನೆರಡು-ಹದಿಮೂರು ಸ್ಪ್ಯಾನರ್ ಕೊಡೋ' ಎಂಬ ಕೂಗಿಗೆ ಓಡಿದ ಶಾಗಿರ್ದ್ ಈಗ ಐವತ್ತರ ಉಸ್ತಾದ್. ಕೇಳಿದ ಕೂಡಲೆ ನಾಝಲ್ ಯಾವುದು ಕೆಟ್ಟಿದೆ ಎನ್ನುವ ಕಿವಿ ಅವನದು. ಆದರೆ ಸ್ಕ್ಯಾನರಿನ ಪರದೆ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಉರ್ದು ಬರುತ್ತದೆ, ಕನ್ನಡ ಬರುತ್ತದೆ, ಅದು ಬರುವುದಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, 2015ರಿಂದ, ಕೈಯಿಂದ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ನಮ್ಮ ಜಮಾತುಗಳು, ಮಸೀದಿ ಕಮಿಟಿಗಳು ಮದುವೆ ಹಾಲಿಗೆ ತೋರಿಸುವ ಉತ್ಸಾಹದ ನಾಲ್ಕಾಣೆಯನ್ನು ಈ ಕಡೆ ತೋರಿಸಿ, ಒಂದು ಸ್ಕ್ಯಾನರ್, ಒಬ್ಬ ಮೇಷ್ಟ್ರು, ಶುಕ್ರವಾರ ಬಿಟ್ಟು ವಾರಕ್ಕೆರಡು ಸಂಜೆ ಎಂದರೆ ಕೇಳುವವರು ಇದ್ದಾರೆ. ಕೇಳಿಸುವವರು ಬೇಕು.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಉದ್ಘಾಟಿಸಿದರು. 118 ಕಿಲೋಮೀಟರು. ಹೆದ್ದಾರಿ ಚನ್ನಪಟ್ಟಣ, ಮದ್ದೂರು, ಮಂಡ್ಯವನ್ನು ಬಳಸಿ ಹೋಗುತ್ತದೆ. ಟರ್ಬೊ ಗಾಡಿಗಳು ಸೀಟಿ ಊದಿದಂಥ ಸಣ್ಣ ಸದ್ದಿನಲ್ಲಿ ಮೇಲಿಂದ ಮೇಲೆ ದಾಟಿಹೋಗುತ್ತವೆ. ಕೆಟ್ಟರೆ ಕಂಪನಿಯ ಗಾಡಿ ಬಂದು ಎಳೆದುಕೊಂಡು ಹೋಗುತ್ತದೆ. ಹಳೆಯ ರಸ್ತೆಯ ಹೋಟೆಲು, ಪಂಕ್ಚರ್ ಅಂಗಡಿ, ಗ್ಯಾರೇಜುಗಳ ಮುಂದೆ ನಿಲ್ಲುವ ಗಾಡಿಗಳು ಕಡಿಮೆಯಾದವು. ಆ ವರ್ಷದ ಆಗಸ್ಟ್ ಒಂದರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಹೆದ್ದಾರಿಯಲ್ಲಿ ಪ್ರವೇಶವಿಲ್ಲ ಎಂದಾಯಿತು. ಹಾಗಾಗಿ ಕಬ್ಬು ಹೇರಿದ ಟ್ರ್ಯಾಕ್ಟರು ಮಾತ್ರ ಇಂದಿಗೂ ಪಕ್ಕದ ರಸ್ತೆಯಲ್ಲಿ, ಪೇಟೆಯೊಳಗೆ ಬರುತ್ತದೆ. ಎರಡು ಟ್ರೈಲರು ಎಳೆದು, ಕಪ್ಪು ಹೊಗೆ ಬಿಟ್ಟು, ಉಸಿರು ಕಟ್ಟಿ ನಿಲ್ಲುತ್ತದೆ. ಬಾನೆಟ್ಟಿಗೆ ಕಿವಿ ಕೊಟ್ಟು, ಆಕ್ಸಿಲರೇಟರ್ ಎರಡು ಸಲ ಎಳೆದು ನೋಡಿ, ಮೂರನೇ ನಾಝಲ್ ಬಿಚ್ಚಲು ಉಸ್ತಾದ್ ಹುಡುಗನಿಗೆ ಕೈ ಸನ್ನೆ ಮಾಡುತ್ತಾನೆ.